ಖಾಲಿ ಪಿಸ್ತೂಲಿನಿಂದ ಬಿದ್ದ ತೋಟಾ

ಕೈಲ್‌ಪೊಳ್ದ್ ಹಬ್ಬಕ್ಕೆ ಮೂರು ದಿನ ಇತ್ತು. ಮಡಿಕೇರಿಯಿಂದ ಹತ್ತಾರು ಕಿಲೋಮೀಟರ್ ದೂರದ ಒಂದು ಮನೆ. ಮನೆಯ ಯಜಮಾನರು ಸೇನೆಯಿಂದ ನಿವೃತ್ತರಾದ ಸುಬೇದಾರರು. ಅವರ ಹೆಸರು ಇಲ್ಲಿ ಬೇಡ. "ಹೆಸರು ಹಾಕಿದ್ರೆ ನನ್ನ ಹಳೇ ಪಲ್ಟನ್‌ನವರು ನಗ್ತಾರೆ ಮಾರಾಯ್ರೇ, ಆದ್ರೆ ಸಂಗತಿ ಮಾತ್ರ ಬರೀರಿ" ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಹಬ್ಬಕ್ಕೆ ಮೊದಲು ಮನೆಯ ಆಯುಧಗಳನ್ನೆಲ್ಲ ಒರೆಸಿ, ಎಣ್ಣೆ ಕಾಣಿಸಿ ಇಡುವುದು ಕೊಡಗಿನ ಪದ್ಧತಿ. ಸುಬೇದಾರರು ಜಗಲಿಯಲ್ಲಿ ಹಳೇ ಪತ್ರಿಕೆ ಹಾಸಿಕೊಂಡು ಕುಳಿತರು. ಕೋವಿಯ ಕೆಲಸ ಮುಗಿಯಿತು. ಆಮೇಲೆ ಬೀರುವಿನಿಂದ ಲೈಸೆನ್ಸಿನ .32 ಪಿಸ್ತೂಲನ್ನು ಚರ್ಮದ ಚೀಲದ ಸಮೇತ ತಂದರು. ಮ್ಯಾಗಜೀನ್ ಬೇರೆ ಡಬ್ಬಿಯಲ್ಲಿತ್ತು. ಎದುರಿಗೆ ಎಂಟು ವರ್ಷದ ಮೊಮ್ಮಗ ಚಕ್ಕಂಬಟ್ಟೆ ಹಾಕಿ ಕುಳಿತಿದ್ದಾನೆ.

"ತಾತ, ಇದ್ರಲ್ಲಿ ಗುಂಡಿದೆಯಾ?"

"ಇಲ್ಲ ಮಗಾ. ಮ್ಯಾಗಜೀನ್ ಅಲ್ಲಿದೆಯಲ್ಲ, ಇದು ಖಾಲಿ."

ಸ್ಲೈಡಿನ ಅಂಚಿಗೆ ತುಕ್ಕು ಹಿಡಿದಿತ್ತು. ಟ್ರಿಗರ್ ಒತ್ತಿ ಬಿಗಿ ಇಳಿಸೋಣ ಎಂದು ಬೆರಳು ಹೊರಟದ್ದು, ಅದೇನೋ ಹಳೇ ಅಭ್ಯಾಸ, ಮೊದಲು ಸ್ಲೈಡು ಎಳೆಯಿತು. ಟಣ್ ಎಂದು ಒಂದು ತೋಟಾ ಹಾರಿ ಪತ್ರಿಕೆಯ ಮೇಲೆ ಉರುಳಿತು. ಹುಡುಗ ಅದನ್ನು ಎತ್ತಿಕೊಂಡು ಕೇಳಿದ:

"ತಾತ, ಖಾಲಿ ಅಂದ್ರಲ್ಲ?"

ಸುಬೇದಾರರು ಹೇಳುವ ಪ್ರಕಾರ, ಇಪ್ಪತ್ತೆಂಟು ವರ್ಷ ಸೇವೆಯಲ್ಲಿ ಕೈ ನಡುಗದವರಿಗೆ ಅಂದು ಎಣ್ಣೆ ಡಬ್ಬಿ ಹಿಡಿಯಲಾಗಲಿಲ್ಲ. ಆ ದಿನ ಪಿಸ್ತೂಲು ಹಾಗೇ ಬೀರುವಿಗೆ ಹೋಯಿತು.

ಇಷ್ಟೇ ಸುದ್ದಿ. ಗುಂಡು ಹಾರಲಿಲ್ಲ, ರಕ್ತ ಬೀಳಲಿಲ್ಲ, ಪೊಲೀಸ್ ಜೀಪು ಬರಲಿಲ್ಲ. ಹಾಗಾಗಿ ಯಾವ ಪತ್ರಿಕೆಯ ಮುಖಪುಟಕ್ಕೂ ಇದು ಏರುವುದಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಕೋವಿ, ಪಿಸ್ತೂಲು ಇಲ್ಲದ ಊರಿಲ್ಲ. ಹಾರದೆ ಉಳಿದ ಈ ಒಂದು ಗುಂಡಿನ ಬಗ್ಗೆ ಈಗಲೇ ನಾಲ್ಕು ಮಾತು ಆಡಿಬಿಡುವುದು ಮೇಲು.

ಗುಂಡು ಒಳಗೆ ಸೇರಿದ್ದು ಹೇಗೆ?

ಓದುಗರು ಕೇಳಬಹುದು, ಮ್ಯಾಗಜೀನ್ ತೆಗೆದ ಮೇಲೆ ಪಿಸ್ತೂಲಿನಲ್ಲಿ ಗುಂಡು ಎಲ್ಲಿಂದ ಬಂತು ಎಂದು. ಸುಬೇದಾರರೇ ಕುಳಿತು ಲೆಕ್ಕ ಹಾಕಿ ಪತ್ತೆ ಮಾಡಿದರು.

ಜುಲೈ ತಿಂಗಳ ಒಂದು ರಾತ್ರಿ. ಮಳೆಯೋ ಮಳೆ, ಕರೆಂಟಿಲ್ಲ. ಕಾಫಿ ಕಣದ ಕಡೆ ನಾಯಿ ಒಂದೇ ಸಮನೆ ಬೊಗಳಿತು. ಇವರು ಎಂಟು ತೋಟಾ ತುಂಬಿದ ಮ್ಯಾಗಜೀನ್ ಸಿಕ್ಕಿಸಿ, ಸ್ಲೈಡು ಎಳೆದು ಬಿಟ್ಟು, ಟಾರ್ಚು ಹಿಡಿದು ಹೊರಗೆ ಹೋದರು. ಸ್ಲೈಡು ಎಳೆದು ಬಿಟ್ಟಾಗ ಒಂದು ತೋಟಾ ಚೇಂಬರಿಗೆ, ಅಂದರೆ ಬ್ಯಾರಲ್ಲಿನ ಬುಡದ ಗೂಡಿಗೆ, ಏರಿತು. ಮ್ಯಾಗಜೀನಿನಲ್ಲಿ ಏಳು ಉಳಿಯಿತು. ಹೊರಗೆ ಯಾರೂ ಇರಲಿಲ್ಲ. ಒಳಗೆ ಬಂದು, ಪಿಸ್ತೂಲು ಖಾಲಿ ಮಾಡಬೇಕೆಂದು ಮತ್ತೆ ಸ್ಲೈಡು ಎಳೆದರು. ಚೇಂಬರಿನ ತೋಟಾ ಹೊರಕ್ಕೆ ಬಿತ್ತು, ಸರಿ. ಆದರೆ ಮ್ಯಾಗಜೀನ್ ಇನ್ನೂ ಒಳಗೇ ಇತ್ತಲ್ಲ! ಸ್ಲೈಡು ಮುಂದಕ್ಕೆ ಹೋಗುವಾಗ ಇನ್ನೊಂದು ತೋಟಾವನ್ನು ಅದೇ ಗೂಡಿಗೆ ತಳ್ಳಿಬಿಟ್ಟಿತು. ಆಮೇಲೆ ಮ್ಯಾಗಜೀನ್ ತೆಗೆದರು. ಕೆಳಗೆ ಬಿದ್ದ ತೋಟಾವನ್ನು ಅದಕ್ಕೆ ತುಂಬಿದರು. ಮ್ಯಾಗಜೀನಿನಲ್ಲಿ ಏಳು, ಪಿಸ್ತೂಲಿನಲ್ಲಿ ಒಂದು. ಟಾರ್ಚಿನ ಬೆಳಕಿನಲ್ಲಿ ಎಣಿಸುವವರು ಯಾರು?

ತಪ್ಪು ಒಂದೇ. ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡು ಎನ್ನುವುದು ಹಿಂದುಮುಂದಾಯಿತು. ಆ ತೋಟಾ ಎರಡು ತಿಂಗಳು ಬೀರುವಿನಲ್ಲಿ ಸೀರೆಗಳ ಪಕ್ಕದಲ್ಲೇ ಮಲಗಿತ್ತು.

ರಿವಾಲ್ವರಿನಲ್ಲಿ ಈ ಮೋಸ ಕಡಿಮೆ. ಅದರ ಚಕ್ರವನ್ನು ಹೊರಗೆ ತೆಗೆದರೆ ಎಲ್ಲ ಗೂಡುಗಳೂ ಕಣ್ಣಿಗೆ ಬೀಳುತ್ತವೆ. ನಳಿಗೆ ಮಡಚುವ ಕೋವಿಯೂ ಹಾಗೆಯೇ, ಮುರಿದು ನೋಡಿದರೆ ಮುಗಿಯಿತು. ಪಿಸ್ತೂಲಿನಲ್ಲಿ ಗುಂಡು ಕೂರುವ ಜಾಗ ಎರಡು: ಹಿಡಿಯ ಒಳಗಿನ ಮ್ಯಾಗಜೀನ್ ಒಂದು, ಬ್ಯಾರಲ್ಲಿನ ಬುಡದ ಚೇಂಬರ್ ಇನ್ನೊಂದು. ಒಂದು ಖಾಲಿಯಾದರೆ ಇನ್ನೊಂದೂ ಖಾಲಿ ಎಂದು ತಿಳಿಯುವುದೇ ಎಡವಟ್ಟು. ಮ್ಯಾಗಜೀನ್ ಇಲ್ಲದಿದ್ದರೆ ಹಾರದಂತೆ ತಡೆ ಇಟ್ಟಿರುವ ಮಾದರಿಗಳೂ ಉಂಟು, ಇಲ್ಲದ ಮಾದರಿಗಳೂ ಉಂಟು. ಇದ್ದರೂ ನಂಬಬಾರದು ಎಂಬುದು ಸುಬೇದಾರರ ಕಟ್ಟಪ್ಪಣೆ.

ಠಾಣೆಗೆ ಹೋಗಿ ಬಂದ ಆಯುಧ

ತುಕ್ಕಿನ ಕಥೆ ಬೇರೆಯೇ ಇದೆ. ಚುನಾವಣೆ ಬಂತೆಂದರೆ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಆಜ್ಞೆ ಬರುತ್ತದೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾಯಿತು. ನಮ್ಮ ಕ್ಷೇತ್ರದ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಬಿರು ಬೇಸಿಗೆಯಲ್ಲಿ ಒಪ್ಪಿಸಿದ ಆಯುಧ ಮನೆಗೆ ಮರಳುವ ಹೊತ್ತಿಗೆ ಮುಂಗಾರು ಶುರುವಾಗಿತ್ತು. ನಡುವೆ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಅದಕ್ಕೆ ಒಂದು ಹನಿ ಎಣ್ಣೆಯಿಲ್ಲ, ಒಣ ಬಟ್ಟೆಯಿಲ್ಲ.

ಇದರಲ್ಲಿ ಠಾಣೆಯವರನ್ನು ದೂರಿ ಫಲವಿಲ್ಲ. ರಾಶಿ ಬೀಳುವ ಕೋವಿ ಪಿಸ್ತೂಲುಗಳಿಗೆ ಚೀಟಿ ಕಟ್ಟಿ, ಬೀಗ ಹಾಕಿ, ಕಾವಲು ಕಾಯುವುದೇ ಅವರಿಗೆ ದೊಡ್ಡ ಕೆಲಸ. ಒಂದೊಂದಕ್ಕೂ ಎಣ್ಣೆ ಹಚ್ಚುತ್ತ ಕೂರಲು ಅವರಿಗೆ ಬಿಡುವೆಲ್ಲಿ? ಒಪ್ಪಿಸುವ ಮುನ್ನ ತಾನೇ ಶುಚಿಮಾಡಿ ಎಣ್ಣೆ ಕಾಣಿಸಿ ಕೊಡುವುದು ಮಾಲೀಕನ ಹೊಣೆ. ಮರಳಿ ಪಡೆದ ದಿನವೇ ಮನೆಗೆ ತಂದು ಪರೀಕ್ಷಿಸಿ ಒರೆಸುವುದೂ ಅವನದೇ. ನಮ್ಮವರು ಮಾಡುವುದೇನು? ರಸೀದಿ ಕೊಟ್ಟು, ಆಯುಧ ತಂದು, ಅದೇ ಚರ್ಮದ ಚೀಲದಲ್ಲಿ ಬೀರುವಿಗೆ ತುರುಕಿ, ಕೈಲ್‌ಪೊಳ್ದ್ ಬಂದಾಗ ನೆನಪು ಮಾಡಿಕೊಳ್ಳುವುದು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಹದ ಮಾಡಿದ ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಅದರಲ್ಲಿ ಸುತ್ತಿಟ್ಟ ಉಕ್ಕಿಗೆ ತುಕ್ಕು ಬರದೆ ಇನ್ನೇನು ಬಂದೀತು? ಚರ್ಮದ ಚೀಲ ಸೊಂಟಕ್ಕೆ ಕಟ್ಟಿಕೊಳ್ಳಲು, ತಿಂಗಳುಗಟ್ಟಲೆ ಇಡಲಿಕ್ಕಲ್ಲ.

ಸುಬೇದಾರರ ಪಾಠ

ಮರುದಿನ ಸುಬೇದಾರರು ಮನಸ್ಸು ಗಟ್ಟಿಮಾಡಿ ಮತ್ತೆ ಕುಳಿತರು. ಈ ಸಲ ಮೊಮ್ಮಗನನ್ನು ಒಳಗೆ ಕಳಿಸಿ ಬಾಗಿಲು ಹಾಕಿದರು. ಬರೆದುಕೊಳ್ಳಲು ನನ್ನನ್ನು ಕರೆದರು. ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಕೊಡುತ್ತೇನೆ. ಪ್ರತಿ ಮಾದರಿ ಬಿಚ್ಚುವ ಬಗೆ ಬೇರೆ. ಅದಕ್ಕೆ ಪಿಸ್ತೂಲಿನ ಜೊತೆ ಬಂದ ಪುಸ್ತಿಕೆಯೇ ಗುರು. ಉಳಿದದ್ದು ಎಲ್ಲಕ್ಕೂ ಒಂದೇ.

ಮೊದಲನೆಯದು ಜಾಗ. ಒಲೆಯ ಹತ್ತಿರ ಬೇಡ, ಊಟದ ಮೇಜು ಬೇಡ. ಕಿಟಕಿ ತೆರೆದಿರಲಿ. ಮಕ್ಕಳು, ನೆಂಟರು, ರೇಡಿಯೋ, ಟಿ.ವಿ. ಯಾವುದೂ ಬೇಡ. ಫೋನು ಬಂದರೆ ಎದ್ದು ಹೋಗುವ ಹಾಗಿದ್ದರೆ ಕೂರಲೇಬೇಡಿ. ಎದುರಿಗೆ ಮರಳು ತುಂಬಿದ ಬಕೆಟ್ಟು ಇಟ್ಟುಕೊಳ್ಳಿ, ಪಿಸ್ತೂಲಿನ ಮೂತಿ ಸದಾ ಅದರ ಕಡೆಗೇ ಇರಲಿ. ಅಟ್ಟದ ಹಲಗೆ, ಹೆಂಚಿನ ಮಾಡು ಗುಂಡು ತಡೆಯುವ ವಸ್ತುಗಳಲ್ಲ. ಮೇಲಿನ ಕೋಣೆಯಲ್ಲಿ ಮಲಗಿದವರ ನೆನಪಿರಲಿ.

ಎರಡನೆಯದು ಖಾಲಿ ಮಾಡುವುದು. ಬೆರಳು ಟ್ರಿಗರಿನಿಂದ ಹೊರಗೆ. ಮೊದಲು ಮ್ಯಾಗಜೀನ್ ತೆಗೆದು ದೂರ ಇಡಿ. ಆಮೇಲೆ ಸ್ಲೈಡು ಪೂರ್ತಿ ಹಿಂದಕ್ಕೆ ಎಳೆಯಿರಿ, ಒಂದಲ್ಲ, ಎರಡು ಮೂರು ಸಲ. ಹಿಂದಕ್ಕೆ ಹಿಡಿದು ಬೆಳಕಿಗೆ ಚೇಂಬರ್ ನೋಡಿ. ಕಣ್ಣು ಸಾಲದು, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಮ್ಯಾಗಜೀನ್ ಕೂರುವ ಗೂಡನ್ನೂ ನೋಡಿ. ತೋಟಾಗಳನ್ನೆಲ್ಲ ಎಣಿಸಿ ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಲೆಕ್ಕ ಒಂದು ಕಮ್ಮಿ ಬಂದರೆ ಹುಡುಕಿ ಸಿಗುವವರೆಗೆ ಮುಂದಿನ ಕೆಲಸವಿಲ್ಲ. "ಜುಲೈನಲ್ಲಿ ನಾನು ಎಣಿಸಿದ್ರೆ ಸಾಕಿತ್ತು" ಎಂದರು ಸುಬೇದಾರರು.

ಕೆಲವು ಮಾದರಿ ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ಗುಂಡಿದ್ದರೆ ಹಾರುವುದು ಆ ಕ್ಷಣದಲ್ಲೇ. ಆದ್ದರಿಂದ ಚೇಂಬರನ್ನು ಇನ್ನೊಮ್ಮೆ ನೋಡಿ, ಮೂತಿ ಮರಳಿಗೆ ಹಿಡಿದು, ಆಮೇಲೆ ಒತ್ತಬೇಕು.

ಮೂರನೆಯದು ಬಿಚ್ಚುವುದು. ಸ್ಲೈಡು, ಬ್ಯಾರಲ್, ಸ್ಪ್ರಿಂಗು, ಕೆಳಗಿನ ಚೌಕಟ್ಟು. ಮನೆಯಲ್ಲಿ ಇಷ್ಟು ಬಿಡಿಸಿದರೆ ಸಾಕು. ಇನ್ನೂ ಒಳಗಿನ ಸಣ್ಣ ಪಿನ್ನು ಸ್ಕ್ರೂಗಳ ಗೊಡವೆ ಬೇಡ. ವಾಲ್ಥರ್ ಪಿ.ಪಿ.ಯಂಥ ಮಾದರಿಯಲ್ಲಿ ಬ್ಯಾರಲ್ಲು ಚೌಕಟ್ಟಿಗೇ ಕೂಡಿಕೊಂಡಿರುತ್ತದೆ, ಅದನ್ನು ಎಳೆದಾಡಬಾರದು. ಸ್ಪ್ರಿಂಗು ಸಿಡಿದು ಕಣ್ಣಿಗೆ ಬಡಿಯುವುದುಂಟು. ಕನ್ನಡಕ ಇದ್ದವರು ಹಾಕಿಕೊಳ್ಳಿ, ಇಲ್ಲದವರು ಮುಖ ಓರೆಮಾಡಿ ಕೂರಿ.

ನಾಲ್ಕನೆಯದು ಶುಚಿ. ಸೇನೆಯಲ್ಲಿ ಇದಕ್ಕೆ ಎರಡು ಮಾತು: ಫುಲ್‌ತ್ರೂ ಮತ್ತು ಚಿಂದಿ. ಫುಲ್‌ತ್ರೂ ಎಂದರೆ ನಳಿಗೆಯಲ್ಲಿ ಎಳೆಯುವ ಹಗ್ಗ, ಚಿಂದಿ ಎಂದರೆ ಅದರ ಕಿವಿಗೆ ಸಿಕ್ಕಿಸುವ ಬಟ್ಟೆ ತುಂಡು. ರೈಫಲಿಗೆ ನಾಲ್ಕಿಂಚು ಉದ್ದ ಎರಡಿಂಚು ಅಗಲದ ಚಿಂದಿ. .32 ಪಿಸ್ತೂಲಿಗೆ ಒಂದಿಂಚಿನ ಚೌಕ ಸಾಕು. ಹಳೇ ಬನಿಯನ್ ಬಟ್ಟೆ ಒಳ್ಳೇದು, ನೂಲು ಬಿಡುವ ಬಟ್ಟೆ ಬೇಡ.

ಕೋವಿ ತೊಳೆಯುವ ದ್ರಾವಣದಲ್ಲಿ ಅದ್ದಿದ ಚಿಂದಿಯನ್ನು ಮೊದಲು ಎಳೆದು ಹತ್ತು ನಿಮಿಷ ಬಿಡಬೇಕು. ಮಸಿ ನೆನೆಯುತ್ತದೆ. ಆಮೇಲೆ ಅಳತೆಗೆ ತಕ್ಕ ಹಿತ್ತಾಳೆ ಅಥವಾ ಕಂಚಿನ ತಂತಿಯ ಬ್ರಷ್ಷು. ಬುಡದಿಂದ ಮೂತಿಯ ಕಡೆಗೆ ಎಳೆಯಬೇಕು. ಪೂರ್ತಿ ಆಚೆ ಬಂದ ಮೇಲೆಯೇ ಹಿಂದೆ ತರಬೇಕು, ನಡುವೆ ತಿರುಗಿಸಬಾರದು. ಮೂತಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಅದಕ್ಕೇ ಕಬ್ಬಿಣದ ಸರಳು ಹಾಕಿ ಮೂತಿಯಿಂದ ತಿವಿಯುವುದು ತಪ್ಪು. ಕೊನೆಗೆ ಒಣ ಚಿಂದಿ, ಒಂದಾದ ಮೇಲೊಂದು, ಬಿಳಿಯದಾಗಿ ಹೊರಬರುವವರೆಗೆ. ಸ್ಲೈಡಿನ ಒಳಮೈ, ತೋಟಾ ಸಿಪ್ಪೆಯನ್ನು ಎಳೆದು ಹಾಕುವ ಕೊಕ್ಕೆ, ಸ್ಲೈಡು ಜಾರುವ ಗಾಡಿ ಇವಕ್ಕೆ ಹಳೇ ಹಲ್ಲುಜ್ಜುವ ಬ್ರಷ್ಷು. ದ್ರಾವಣ ಸಿಗದಿದ್ದರೆ ಸೀಮೆಎಣ್ಣೆ ಮಸಿ ಬಿಡಿಸುತ್ತದೆ, ನಿಜ. ಆದರೆ ಅದು ಹಾರಿಹೋಗುತ್ತದೆ, ತುಕ್ಕನ್ನು ತಡೆಯುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಹಾಗೇ ಇಟ್ಟವನು ಬರಿಮೈಯಲ್ಲಿ ಮಳೆಗೆ ನಿಲ್ಲಿಸಿದ ಹಾಗೆ.

ಎಣ್ಣೆ ಎಷ್ಟು, ಯಾವುದು?

ಐದನೆಯದು ಎಣ್ಣೆ. ನಮ್ಮಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ಎಣ್ಣೆ ಜಾಸ್ತಿಯಾದಷ್ಟೂ ಒಳ್ಳೇದು ಎಂದು ಜನ ತಿಳಿದಿದ್ದಾರೆ. ಪಿಸ್ತೂಲು ದೋಸೆ ಕಾವಲಿಯಲ್ಲ.

ತೆಂಗಿನೆಣ್ಣೆ ಅಡುಗೆಗೆ, ತಲೆಗೆ ಚೆನ್ನ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಸ್ಪ್ರಿಂಗಿನ ಸುತ್ತ ಬೆಣ್ಣೆಯ ಹಾಗೆ ಕೂರುತ್ತದೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಯಂಥವು ಕಾಲ ಕಳೆದಂತೆ ಅಂಟಾಗುತ್ತವೆ. ಬೇಕಾದ್ದು ತೆಳ್ಳಗಿನ ಖನಿಜ ಎಣ್ಣೆ. ಕೋವಿ ಎಣ್ಣೆಯೇ ಉತ್ತಮ. ಸಿಗದಿದ್ದರೆ ಹೊಲಿಗೆ ಯಂತ್ರಕ್ಕೆ ಹಾಕುವ ಶುದ್ಧ ಎಣ್ಣೆಯಿಂದ ಕೆಲಸ ಸಾಗುತ್ತದೆ.

ಸ್ಲೈಡು ಜಾರುವ ಗಾಡಿಗೆ ಎರಡೂ ಕಡೆ ಒಂದೊಂದು ಹನಿ. ಬ್ಯಾರಲ್ಲಿನ ಹೊರಮೈ ಉಜ್ಜುವಲ್ಲಿ ಒಂದು ಹನಿ, ಬೆರಳಲ್ಲಿ ಸವರಿ. ಸ್ಪ್ರಿಂಗಿಗೆ ತೆಳ್ಳಗೆ. ನಳಿಗೆಯ ಒಳಗೆ ಒಂದು ಹನಿ ಹಾಕಿದ ಚಿಂದಿ ಒಮ್ಮೆ ಎಳೆದರೆ ಸಾಕು. ಗುಂಡು ಹಾರಿಸುವ ಮುನ್ನ ಅದನ್ನೂ ಒಣ ಚಿಂದಿಯಿಂದ ತೆಗೆಯಬೇಕು. ಹೊರಮೈಗೆ ಎಣ್ಣೆ ಬಟ್ಟೆಯಿಂದ ಒಂದು ಸಲ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ಉಕ್ಕಿಗೆ ಶತ್ರು.

ಎಣ್ಣೆ ಹೋಗಬಾರದ ಜಾಗಗಳೂ ಇವೆ. ಸೂಜಿ ಬಡಿಯುವ ರಂಧ್ರಕ್ಕೆ ಬೇಡ: ಮಸಿಯೂ ಎಣ್ಣೆಯೂ ಸೇರಿ ಕೆಸರಾಗಿ ಸೂಜಿ ಸಿಕ್ಕಿಕೊಳ್ಳುತ್ತದೆ. ಮ್ಯಾಗಜೀನಿನ ಒಳಗೆ ಬೇಡ: ಧೂಳು ಹಿಡಿಯುತ್ತದೆ, ಎಣ್ಣೆ ತೋಟಾಗಳಿಗೆ ತಾಗುತ್ತದೆ. ತೋಟಾಗಳಿಗಂತೂ ಬೇಡವೇ ಬೇಡ: ಎಣ್ಣೆ ಅದರ ಬುಡದ ಕಿಡಿಮದ್ದಿಗೆ ಇಳಿದರೆ ಬೇಕಾದ ಹೊತ್ತಿಗೆ ಹಾರದು. ಹಾರದ ಗುಂಡೂ ಒಂದು ಅಪಾಯವೇ.

ತುಕ್ಕು ಮೇಲುಮೇಲಿದ್ದರೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು ಮೆತ್ತನೆ ಬಟ್ಟೆಯಿಂದ ಉಜ್ಜಿ. ಮರಳು ಕಾಗದ ಹಾಕಿದರೆ ತುಕ್ಕಿನ ಜೊತೆ ಕಪ್ಪು ಲೇಪವೂ ಹೋಗಿ, ಮುಂದಿನ ಮಳೆಗೆ ಎರಡರಷ್ಟು ತುಕ್ಕು ಗ್ಯಾರಂಟಿ. ಗುಳಿ ಬಿದ್ದಿದ್ದರೆ ಲೈಸೆನ್ಸು ಇರುವ ಕೋವಿ ಅಂಗಡಿಗೇ ಒಯ್ಯಬೇಕು. ಪಕ್ಕದ ಗ್ಯಾರೇಜಿನವರ ಅರ ಎಷ್ಟೇ ಚೂಪಾಗಿರಲಿ, ಆಯುಧ ರಿಪೇರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸು ಬೇಕು. ಮಾಡಿದವರೂ ಸಿಕ್ಕಿಬೀಳುತ್ತಾರೆ, ಮಾಡಿಸಿದವರೂ ಸಿಕ್ಕಿಬೀಳುತ್ತಾರೆ.

ಕೊನೆಯದಾಗಿ ಜೋಡಿಸಿ, ಮೂತಿ ಮರಳಿನ ಕಡೆಗೇ ಹಿಡಿದು, ಖಾಲಿ ಪಿಸ್ತೂಲಿನ ಸ್ಲೈಡನ್ನು ನಾಲ್ಕಾರು ಸಲ ಎಳೆದು ಬಿಡಿ. ಸೇಫ್ಟಿ ಹಾಕಿ ತೆಗೆದು ನೋಡಿ. ಸಲೀಸಾಗಿ ಓಡಿದರೆ ಸರಿ, ತಡವರಿಸಿದರೆ ಮತ್ತೆ ಬಿಚ್ಚಿ. ಪಿಸ್ತೂಲಿಗೆ ಒಂದು ಬೀಗ, ತೋಟಾಗಳಿಗೆ ಇನ್ನೊಂದು ಬೀಗ. ಜೊತೆಗೆ ತೇವ ಹೀರುವ ಹರಳಿನ ಪೊಟ್ಟಣ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಕೈಯನ್ನು ಸೋಪಿನಿಂದ ತೊಳೆಯದೆ ಕಡುಂಬುಟ್ಟಿಗೆ ಕೈ ಹಾಕಬೇಡಿ. ಆ ಮಸಿಯಲ್ಲಿ ಸೀಸ ಇರುತ್ತದೆ.

ವಿನಾಯಿತಿ ಇದೆ, ಹೊಣೆಯೂ ಇದೆ

ಕೊಡಗಿಗೂ ಕೋವಿಗೂ ಇರುವ ನಂಟು ಇಂದಿನದಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಅಂದಿನ ನಿಶ್ಶಸ್ತ್ರೀಕರಣ ಕಾಯ್ದೆ ಕೊಡಗಿಗೆ ಅನ್ವಯಿಸದೆಂದು ಪ್ರಕಟಣೆ ಹೊರಡಿಸಿದರು. ಸ್ವಾತಂತ್ರ್ಯದ ನಂತರವೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ರಾಜ್ಯ ಹೈಕೋರ್ಟ್ ತಳ್ಳಿಹಾಕಿ ವಿನಾಯಿತಿ ಎತ್ತಿಹಿಡಿಯಿತು.

ಮಗ ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು ಗುಂಡು ಹಾರಿಸುವ ನಾಡು ಇದು. ಹಬ್ಬದ ದಿನ ಕೋವಿಯ ಮೂತಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಜನ ನಾವು. ಪೂಜಿಸುವ ವಸ್ತುವಿನ ಬುಡದಲ್ಲಿ ಗುಂಡು ಕೂತಿದೆಯೋ ಇಲ್ಲವೋ ನೋಡದೆ ಕೈಮುಗಿಯುವುದು ಯಾವ ಭಕ್ತಿ?

ಹೊಸದಾಗಿ ಲೈಸೆನ್ಸು ಕೇಳುವವರಿಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷಾ ತರಬೇತಿಯನ್ನು ಹೇಳಿವೆ. ಒಳ್ಳೇದೇ. ಆದರೆ ಅಪ್ಪನಿಂದ ಮಗನಿಗೆ, ಅಜ್ಜನಿಂದ ಮೊಮ್ಮಗನಿಗೆ ಬಂದ ಆಯುಧಗಳ ಮಾತೇನು? ಅವುಗಳ ಜೊತೆ ಪುಸ್ತಿಕೆ ಬರುವುದಿಲ್ಲ, ಪಾಠವೂ ಬರುವುದಿಲ್ಲ. ಹಿಂದೆ ಪ್ರತಿ ಮನೆಯಲ್ಲೂ ಸೇನೆಯಲ್ಲಿದ್ದ ಒಬ್ಬರು ಹಿರಿಯರು ಗದರಿಸಿ ಕಲಿಸುತ್ತಿದ್ದರು. ಈಗ ಮಕ್ಕಳು ಬೆಂಗಳೂರಿನಲ್ಲಿ. ಹಬ್ಬಕ್ಕೆ ಎರಡು ದಿನ ಬಂದು, ಆಯುಧ ಒರೆಸಿ, ಫೋಟೋ ತೆಗೆದು ಹೊರಡುತ್ತಾರೆ.

ನಾಗರಿಕರಿಗೆ ಪೊಲೀಸರು ಬಂದೂಕು ತರಬೇತಿ ಶಿಬಿರ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಉಂಟು. ಅದರ ಜೊತೆಗೇ ಆಗಸ್ಟ್ ಕೊನೆಯ ವಾರ, ಕೈಲ್‌ಪೊಳ್ದ್‌ಗೆ ಮೊದಲು, ಪ್ರತಿ ತಾಲೂಕಿನಲ್ಲಿ ಒಂದು ದಿನ ಆಯುಧ ಶುಚಿ ಮಾಡುವ ಪ್ರಾತ್ಯಕ್ಷಿಕೆ ಏರ್ಪಡಿಸಬಾರದೇಕೆ? ಒಂದು ಮೇಜು, ನಾಲ್ಕು ಚಿಂದಿ, ಒಬ್ಬ ಅನುಭವಿ ಸಿಬ್ಬಂದಿ, ಒಂದು ಬಕೆಟ್ಟು ಮರಳು. ಇದಕ್ಕೆ ಅನುದಾನ ಬೇಕಿಲ್ಲ, ಮಂತ್ರಿಗಳ ಉದ್ಘಾಟನೆಯೂ ಬೇಕಿಲ್ಲ. ಚುನಾವಣೆಗೆ ಆಯುಧ ಒಪ್ಪಿಸಿಕೊಳ್ಳುವಾಗ ರಸೀದಿಯ ಜೊತೆ "ಶುಚಿಮಾಡಿ, ಖಾಲಿಮಾಡಿ ಕೊಡಿ, ಪಡೆದ ದಿನವೇ ಪರೀಕ್ಷಿಸಿ" ಎಂಬ ಎರಡು ಸಾಲಿನ ಚೀಟಿ ಕೊಟ್ಟರೂ ಆದೀತು. ಮಾಜಿ ಸೈನಿಕರ ಸಂಘಗಳು ಮನಸ್ಸು ಮಾಡಿದರೆ ಇಲಾಖೆಯನ್ನು ಕಾಯಬೇಕಾಗಿಯೂ ಇಲ್ಲ. ನಮ್ಮ ಸುಬೇದಾರರಂತೂ "ಕರೆದ್ರೆ ಬರ್ತೀನಿ, ಕಾಫಿ ಕೊಟ್ರೆ ಸಾಕು" ಎಂದಿದ್ದಾರೆ.

ಅಂದ ಹಾಗೆ, ಆ ಮನೆಯಲ್ಲಿ ಈಗೊಂದು ಹೊಸ ಕಟ್ಟಳೆ ಆಗಿದೆ. ತಾತ ಪಿಸ್ತೂಲು ತೆಗೆದರೆ ಮೊಮ್ಮಗ ಕೋಣೆಯಿಂದ ಹೊರಗೆ. ಆದರೆ ಬಾಗಿಲು ಹಾಕುವ ಮೊದಲು ಹೊರಗಿನಿಂದ ಕೂಗಿ ಕೇಳುವ ಅಧಿಕಾರ ಅವನಿಗೆ ಕೊಡಲಾಗಿದೆ.

"ತಾತ, ಬೆರಳು ಹಾಕಿ ನೋಡಿದ್ರಾ?"

"ನೋಡಿದೆ ಮಗಾ."

"ಇನ್ನೊಂದ್ ಸಲ ನೋಡಿ."

ಸುಬೇದಾರರು ಇನ್ನೊಂದು ಸಲ ನೋಡುತ್ತಾರೆ.